ಗಾಳಿಗೆ ಎದುರು ಹೋದ ಚೆಂಡು

ಒಂದೇ ಮನೆಯಲ್ಲಿ ಅತ್ತಿಗೆ ನಾದಿನಿ ಮಾತು ಬಿಟ್ಟರೆ ಅದರ ಕಷ್ಟ ಅನುಭವಿಸಿದವರಿಗೇ ಗೊತ್ತು. ಅವರ ಬದಲು ಪಾತ್ರೆಗಳು ಜೋರಾಗಿ ಮಾತಾಡತೊಡಗುತ್ತವೆ. ಗಾಳಿಯಿಲ್ಲದಿದ್ದರೂ ಬಾಗಿಲು ಧಡಾರೆಂದು ಮುಚ್ಚಿಕೊಳ್ಳುತ್ತದೆ. ನಡುವೆ ಸಿಕ್ಕ ಗಂಡಸು ಊಟಕ್ಕೆ ಕೂತರೆ, "ನಿಮ್ಮ ತಂಗಿಗೆ ಇನ್ನೊಂದು ಸ್ವಲ್ಪ ಬೇಕಾ ಕೇಳಿ," "ಸಾಕು ಅಂತ ಅತ್ತಿಗೆಗೆ ಹೇಳಣ್ಣ," ಎಂಬ ಟಪಾಲು ಹೊತ್ತೇ ಸುಸ್ತಾಗುತ್ತಾನೆ. ಕೊಡೆಯಕ್ಕನ ಮನೆಯಲ್ಲಿ ಆ ವಾರ ನಡೆಯುತ್ತಿದ್ದದ್ದು ಇದೇ. ಆಸ್ತಿಯ ಜಗಳವಲ್ಲ, ಅಡುಗೆಮನೆಯ ಜಗಳವೂ ಅಲ್ಲ. ಒಂದು ಕೆಂಪು ಬಾವುಟದ ಜಗಳ.

ಕೊಡೆಯಕ್ಕ ಬೀಚಿನಲ್ಲಿ ಕೊಡೆ, ಕುರ್ಚಿ ಬಾಡಿಗೆಗೆ ಕೊಡುವವಳು. ಜೊತೆಗೆ ಬಲೆಯ ಚೀಲದಲ್ಲಿ ರಬ್ಬರ್ ಚೆಂಡು ತೂಗುಹಾಕಿ ಮಾರುತ್ತಾಳೆ. ಊದಿದ ಬೆಲೂನಿನಂಥ ಹಗುರ ಚೆಂಡಲ್ಲ, ಗಟ್ಟಿ ರಬ್ಬರಿನದು, ನೀರಿನಲ್ಲಿ ಅರ್ಧ ಮುಳುಗಿ ತೇಲುವಂಥದ್ದು. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಅದೇ ಮರಳು, ಅದೇ ಜಾಗ. ಹೆಸರು ಹೇಳಿದರೆ ಬೀಚಿನಲ್ಲಿ ಯಾರಿಗೂ ಗೊತ್ತಾಗದು. ಕೊಡೆಯಕ್ಕ ಅಂದರೆ ಕಡಲೆ ಮಾರುವವನಿಂದ ಹಿಡಿದು ಫೋಟೋ ತೆಗೆಯುವವನವರೆಗೆ ಎಲ್ಲರೂ ಬೆರಳು ತೋರಿಸುತ್ತಾರೆ. ಇನ್ನು ಅವಳ ಗಂಟಲಿನ ವಿಷಯ. "ಕೊಡೆ, ಕುರ್ಚಿ, ಚೆಂಡು" ಎಂದು ಅವಳು ಕೂಗಿದರೆ ಅಲೆಯ ಸದ್ದೇ ತುಸು ತಗ್ಗಿತೇನೋ ಅನ್ನಿಸುತ್ತಿತ್ತು.

ಆ ಊರಿನಲ್ಲಿ ನೋಡಲು ಏನುಂಟು, ಏನಿಲ್ಲ! ಹಳೆಯ ದೀಪಸ್ತಂಭವಿದೆ. ಮೀನುಗಳನ್ನು ಸಾಕಿದ ಗಾಜಿನ ಮನೆಯಿದೆ. ದಡದುದ್ದಕ್ಕೂ ಕಲ್ಲು ಹಾಸಿದ ಕಾಲುದಾರಿ, ಅದರ ಕೊನೆಗೆ ಜೈಂಟ್ ವೀಲ್. ಆ ಜೈಂಟ್ ವೀಲಿಗೆ ಜನರನ್ನು ಹತ್ತಿಸಿ, ಸರಪಳಿ ಸಿಕ್ಕಿಸಿ, ಇಳಿಸುವ ಕೆಲಸ ಕೊಡೆಯಕ್ಕನ ಗಂಡನದು. ಆದರೆ ಎಷ್ಟೇ ಸುತ್ತಿದರೂ ಜನ ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಬರುವುದು ಮರಳಿಗೇ. ಬಂದವರಿಗೆ ಕೊಡೆಯಕ್ಕ ಹೇಳುತ್ತಿದ್ದ ಮಾತು ಒಂದೇ.

"ಬನ್ನಿ, ಇಲ್ಲೇ ಕೂತ್ಕೊಳ್ಳಿ. ನನ್ನ ಕೊಡೆ ಮುಂದೆ ಅಲೆನೇ ಇಲ್ಲ ನೋಡಿ. ಮಕ್ಕಳನ್ನ ನೀರಿಗೆ ಬಿಟ್ಟು ಆರಾಮಾಗಿರಿ."

ಅದು ಸುಳ್ಳೂ ಅಲ್ಲ. ಎಡಕ್ಕೆ ನೋಡಿದರೆ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿತ್ತು. ಬಲಕ್ಕೂ ಅಷ್ಟೇ. ನಡುವೆ ಅವಳ ಕೊಡೆಗಳ ನೇರಕ್ಕೆ ಮಾತ್ರ ನೀರು ನುಣ್ಣಗೆ, ಸ್ವಲ್ಪ ಕಪ್ಪಗೆ, ಸದ್ದಿಲ್ಲದೆ ಮಲಗಿರುತ್ತಿತ್ತು. ಆ ನೀರನ್ನು ಕಂಡರೆ ತಾಯಂದಿರ ಮುಖವೇ ಸಡಿಲಾಗುತ್ತಿತ್ತು. ಕೊಡೆಯಕ್ಕನ ವ್ಯಾಪಾರ ನಿಂತಿದ್ದೇ ಆ ನುಣುಪು ನೀರಿನ ಪಟ್ಟಿಯ ಮೇಲೆ.

ಇನ್ನೊಂದು ವಿಶೇಷವೂ ಇತ್ತು. ಅಲ್ಲಿ ನೀರಿಗೆ ಬಿದ್ದ ಚೆಂಡು ವಾಪಸ್ ಬರುತ್ತಿರಲಿಲ್ಲ. ಕಣ್ಣೆದುರೇ ತೇಲುತ್ತ ತೇಲುತ್ತ ದೂರ ಹೋಗಿಬಿಡುತ್ತಿತ್ತು. ಮಗು ರಚ್ಚೆ ಹಿಡಿಯುತ್ತಿತ್ತು, ಅಪ್ಪ ಇನ್ನೊಂದು ಕೊಳ್ಳುತ್ತಿದ್ದ. "ಸಮುದ್ರರಾಯ ನನ್ನ ಪಾಲುದಾರ ಕಣ್ರೀ, ಚೆಂಡಿನ ವ್ಯಾಪಾರ ಅವನೇ ನೋಡ್ಕೋತಾನೆ," ಎಂದು ಕೊಡೆಯಕ್ಕ ನಗುತ್ತಿದ್ದಳು. ನಕ್ಕು ಮರೆಯುತ್ತಿದ್ದಳು.

ಗಂಡನ ಕೊನೆಯ ತಂಗಿ, ಅಂದರೆ ನಾದಿನಿ, ಕೊಡೆಯಕ್ಕನ ಮಗಳ ಓರಗೆಯವಳು, ಅದೇ ಮನೆಯಲ್ಲಿ ಬೆಳೆದವಳು. ನೀರಿಗಿಳಿದರೆ ಮೇಲೆ ಬರಲೊಲ್ಲದ ಹುಡುಗಿ. ದೊಡ್ಡವಳಾಗಿ ಜೀವರಕ್ಷಕರ ತರಬೇತಿ ಮುಗಿಸಿ, ಇದೇ ಬೀಚಿಗೆ ಕೆಲಸಕ್ಕೆ ಬಂದಳು. ಕೆಂಪು ಟೋಪಿ, ಕೊರಳಲ್ಲಿ ಸೀಟಿ, ಕೂರಲು ಮರದ ಎತ್ತರದ ಅಟ್ಟಣೆ. ಮನೆಗೆಲ್ಲ ಹೆಮ್ಮೆ. ಮೊದಲ ದಿನ ಕೊಡೆಯಕ್ಕನೇ ಅವಳ ಟೋಪಿ ಸರಿಮಾಡಿ ಕಳಿಸಿದ್ದಳು. ಆ ಹೆಮ್ಮೆ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ನಾದಿನಿ ಮಾಡಿದ ಮೊದಲ ಕೆಲಸವೇ ಕೊಡೆಯಕ್ಕನ ಕೊಡೆಗಳ ನೇರಕ್ಕೆ, ಆ ನುಣುಪು ನೀರಿನ ಎದುರು, ಕೆಂಪು ಬಾವುಟ ನೆಟ್ಟಿದ್ದು. ಕೆಂಪು ಅಂದರೆ ಇಲ್ಲಿ ನೀರಿಗೆ ಇಳಿಯಬೇಡಿ ಎಂದು ಅರ್ಥ. ಇಳಿಯಬಹುದಾದ ಜಾಗಕ್ಕೆ ಎರಡು ಕಡೆ ಕೆಂಪು ಹಳದಿ ಬಾವುಟ ನೆಟ್ಟಳು. ಎಲ್ಲಿ? ಆಚೆ, ಅಲೆ ನೊರೆಯಾಗಿ ಒಡೆಯುವ ಕಡೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಕೊಡೆಯಕ್ಕ ಸುಮ್ಮನಿರಲಿಲ್ಲ.

"ಏನೇ, ಬಂದವಳು ಮೊದಲು ನನ್ನ ಹೊಟ್ಟೆ ಮೇಲೇ ಹೊಡೆದ್ಯಲ್ಲ?"

"ಹಾಗಲ್ಲ ಅತ್ತಿಗೆ. ಅಲ್ಲಿ ಸೆಳವಿದೆ."

"ಸೆಳವಂತೆ. ಅಲೆನೇ ಇಲ್ಲ ಅಲ್ಲಿ. ಅಲೆ ಹೊಡಿಯೋ ಕಡೆ ಮಕ್ಕಳನ್ನ ಬಿಡು ಅಂತೀಯ, ಸುಮ್ಮನಿರೋ ನೀರಿಗೆ ಬಿಡಬೇಡ ಅಂತೀಯ. ನಿನಗೆ ಪಾಠ ಹೇಳಿದವರು ಪುಸ್ತಕ ತಲೆಕೆಳಗಾಗಿ ಹಿಡಿದಿದ್ರಾ?"

ಅಣ್ಣ ತಟ್ಟೆ ನೋಡುತ್ತ ನಕ್ಕ. ಹೆಂಡತಿ ನೋಡಿದ ತಕ್ಷಣ ನಗು ನುಂಗಿಕೊಂಡ.

ನಾದಿನಿ ಮಾತ್ರ ಸಾವಧಾನವಾಗಿ ಹೇಳಿದಳು. "ಬಚ್ಚಲಲ್ಲಿ ನಾವು ನೀರು ಸುರೀತೀವಲ್ಲ ಅತ್ತಿಗೆ, ಅದು ಎಲ್ಲಾ ಕಡೆಯಿಂದ ಹರಿದು ಕೊನೆಗೆ ತೂಬಿನಲ್ಲೇ ತಾನೇ ಹೋಗೋದು? ಸಮುದ್ರನೂ ಹಾಗೇ. ಎರಡೂ ಕಡೆ ಅಲೆ ನೀರು ತಂದು ದಡಕ್ಕೆ ಹಾಕ್ತಾ ಇರುತ್ತೆ. ಬಂದ ನೀರು ವಾಪಸ್ ಹೋಗ್ಬೇಕಲ್ಲ. ನಡುವೆ ಆಳ ಇರೋ ಕಡೆ ದಾರಿ ಮಾಡ್ಕೊಂಡು ಹೋಗುತ್ತೆ. ಆಳ ಇರೋದ್ರಿಂದ ಅಲ್ಲಿ ಅಲೆ ಒಡೆಯಲ್ಲ. ನುಣ್ಣಗೆ ಕಾಣುತ್ತೆ. ಅದು ಸಮುದ್ರದ ತೂಬು. ಅದರ ಬಾಯಿಗೇ ನಾವು ಮಕ್ಕಳನ್ನ ಬಿಡ್ತಾ ಇದೀವಿ."

"ಇಷ್ಟು ವರ್ಷ ನನ್ನ ಕೊಡೆ ಮುಂದೆ ಯಾರಿಗೂ ಏನೂ ಆಗಿಲ್ಲ."

"ಮೊಣಕಾಲುದ್ದದಲ್ಲೇ ಆಡಿ ಹೋದವರಿಗೆ ಆಗಿಲ್ಲ. ನಾಳೆ ಒಬ್ಬರು ಎದೆಮಟ್ಟಕ್ಕೆ ಇಳಿದ್ರೆ? ಎಂಥ ಈಜುಗಾರನಾದ್ರೂ ಸೆಳವಿಗೆ ಎದುರು ಈಜಿದ್ರೆ ತೋಳು ಸೋತು ಮುಳುಗ್ತಾನೆ. ಅಲ್ಲಿ ಸಿಕ್ಕಿಕೊಂಡ್ರೆ ಗುದ್ದಾಡಬಾರದು. ಮಲಗಿ ತೇಲ್ಬೇಕು, ಕೈ ಎತ್ತಿ ಕರೀಬೇಕು. ಶಕ್ತಿ ಇದ್ರೆ ದಡದ ಕಡೆಗಲ್ಲ, ಪಕ್ಕಕ್ಕೆ ಈಜಿ ಅಲೆ ಒಡೆಯೋ ಕಡೆ ಬರ್ಬೇಕು. ಅಲ್ಲಿಂದ ಅಲೆನೇ ದಡಕ್ಕೆ ತಂದು ಹಾಕುತ್ತೆ."

"ಮುಳುಗೋನಿಗೆ ಮಲಗು ಅಂತೀಯ. ಹಾಸಿಗೆ ದಿಂಬು ನಾನು ಬಾಡಿಗೆಗೆ ಕೊಡ್ಲಾ?"

ನಾದಿನಿಗೂ ನಗು ಬಂತು. ಆದರೂ ಬಿಡಲಿಲ್ಲ. "ಸರಿ, ಒಂದು ಕೇಳ್ತೀನಿ. ನಿಮ್ಮ ಚೆಂಡು ಅಲ್ಲಿ ನೀರಿಗೆ ಬಿದ್ರೆ ಯಾಕೆ ವಾಪಸ್ ಬರಲ್ಲ?"

"ಗಾಳಿಗೆ ಹೋಗುತ್ತೆ," ಎಂದಳು ಕೊಡೆಯಕ್ಕ, ಇದೇನು ಪ್ರಶ್ನೆ ಎನ್ನುವ ಹಾಗೆ. ಎದ್ದು ಕೈ ತೊಳೆಯಲು ಹೋದಳು. ಮಾತು ಅಲ್ಲಿಗೆ ಮುಗಿಯಿತು. ಮಾರನೆಯ ದಿನದಿಂದ ಪಾತ್ರೆಗಳು ಮಾತಾಡತೊಡಗಿದವು.

ಕೊಡೆಯಕ್ಕ ಕೆಟ್ಟವಳಲ್ಲ, ಇದನ್ನು ಮೊದಲು ತಿಳಿದುಕೊಳ್ಳಿ. ದುಡಿಮೆಯ ಜಾಗ ಅಂದರೆ ಅದು ಬರಿಯ ಮರಳಲ್ಲ. ಯಾವ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆ, ಯಾವ ಗುಂಡಿಯಲ್ಲಿ ಕೊಡೆಯ ಕಾಲು ಗಟ್ಟಿ ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಜಾಗ ಅದು. ಅಲ್ಲಿಗೆ ಮೊನ್ನೆ ಮೊನ್ನೆ ಟೋಪಿ ಹಾಕಿದವಳು ಬಂದು ಬಟ್ಟೆಯ ತುಂಡೊಂದನ್ನು ಸಿಕ್ಕಿಸಿ, ಇಷ್ಟು ವರ್ಷ ನೀವು ಹೇಳಿದ್ದೆಲ್ಲ ತಪ್ಪು ಎಂದರೆ ಯಾರಿಗೆ ತಾನೇ ಉರಿಯದು? ಜನ ಬಾವುಟ ನೋಡಿ ಆಚೆ ಹೋಗುತ್ತಿದ್ದರು. ಕುರ್ಚಿಗಳು ಖಾಲಿ ಬಿಸಿಲು ಕಾಯುತ್ತಿದ್ದವು. "ಕೊಡೆಗಳನ್ನ ಅಲ್ಲಿಗೇ ಸಾಗಿಸೋಣ," ಎಂದು ಗಂಡ ಒಮ್ಮೆ ಬಾಯಿಬಿಟ್ಟ. "ನಿಮ್ಮ ಜೈಂಟ್ ವೀಲ್ ಸಾಗಿಸಿ ನೋಡೋಣ," ಎಂದಳು.

ಅಷ್ಟರಲ್ಲಿ ಮಗಳು ಬಂದಳು. ಸಮುದ್ರವೇ ಇಲ್ಲದ ಊರಿಗೆ ಮದುವೆಯಾಗಿ ಹೋದವಳು, ಗಂಡನನ್ನೂ ಮಗಳನ್ನೂ ಕರೆದುಕೊಂಡು ರಜೆಗೆ ಬಂದಳು. ಅಳಿಯ ಬಸ್ ಡ್ರೈವರ್. ಮಾತು ಕಡಿಮೆ, ಒಳ್ಳೆಯ ಮನುಷ್ಯ. ಊರ ಕೆರೆಯಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಈಜುತ್ತಿದ್ದವನಂತೆ. ಮೊಮ್ಮಗಳಿಗೆ ಮುಂದಿನ ಹಾಲುಹಲ್ಲು ಬಿದ್ದು ಹೊಸದು ಇನ್ನೂ ಬಂದಿರಲಿಲ್ಲ. ಅದಕ್ಕೇ ತಾತ ಅವಳನ್ನು "ಬೊಚ್ಚಿ" ಎಂದು ಕರೆಯುತ್ತಿದ್ದ. ಮೊದಲ ದಿನ ತಾತ ಅವಳನ್ನು ಜೈಂಟ್ ವೀಲ್ ಹತ್ತಿಸಿದ, ಗಾಜಿನ ಮನೆಯ ಮೀನು ತೋರಿಸಿದ, ದೀಪಸ್ತಂಭದ ಮೆಟ್ಟಿಲು ಹತ್ತಿಸಿ ತಾನೇ ಏದುಸಿರು ಬಿಟ್ಟ. ಬೊಚ್ಚಿ ಎಲ್ಲಕ್ಕೂ ತಲೆಯಾಡಿಸಿ ಕೇಳಿದ್ದು ಒಂದೇ. "ನೀರಿಗೆ ಯಾವಾಗ?"

ಮಾರನೆಯ ಬೆಳಿಗ್ಗೆ ಕೊಡೆಯಕ್ಕ ಎಲ್ಲರಿಗಿಂತ ಮೊದಲೇ ಮರಳಿಗೆ ಹೋದಳು. ಮಗಳು, ಅಳಿಯ, ಮೊಮ್ಮಗಳು ಬರುವಾಗ ತನ್ನ ಜಾಗ ಮೊದಲಿನ ಹಾಗೇ ಕಾಣಬೇಕು. ಅಳಿಯನ ಮುಂದೆ ಕೆಂಪು ಬಾವುಟದ ಅವಮಾನ ಬೇಡ. ಬಾವುಟ ಕೀಳಲು ಕೈ ಬರಲಿಲ್ಲ. ಎಷ್ಟಾದರೂ ಅದು ಮನೆಯ ಹುಡುಗಿಯ ಕೆಲಸ. ಅದಕ್ಕೆ ಒಂದು ಉಪಾಯ ಮಾಡಿದಳು. ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೊಡೆಯನ್ನು, ಜಾಲರಿ ಹಚ್ಚಿದ ನೀಲಿ ಕೊಡೆಯನ್ನು, ಬಾವುಟದ ಮುಂದೆಯೇ ನೆಟ್ಟು, ಬಾವುಟ ಜಾಲರಿಯೊಳಗೆ ಅಡಗುವಂತೆ ಸಮುದ್ರದ ಕಡೆಗೆ ಸ್ವಲ್ಪ ಓರೆ ಮಾಡಿದಳು. ಹಿಂದೆ ಬಾವುಟ ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುವಂತಿರಲಿಲ್ಲ. 'ಕಿತ್ತಿಲ್ಲಪ್ಪ, ಮರೆ ಮಾಡಿದೆ ಅಷ್ಟೇ,' ಎಂದು ತನಗೆ ತಾನೇ ಹೇಳಿಕೊಂಡಳು.

ಬಿಸಿಲೇರುವ ಹೊತ್ತಿಗೆ ಎಲ್ಲರೂ ಬಂದರು. ಮಗಳು ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಅಮ್ಮಾ, ಈ ಜಾಗದಲ್ಲಿ ಕೂತ್ರೆ ಜೀವ ತಣ್ಣಗಾಗುತ್ತೆ," ಎಂದಳು. ಕೊಡೆಯಕ್ಕನಿಗೆ ಅಷ್ಟೇ ಸಾಕಾಯಿತು. ಚೀಲದಿಂದ ಒಳ್ಳೆಯ ಚೆಂಡನ್ನೇ ಆರಿಸಿ ಬೊಚ್ಚಿಗೆ ಕೊಟ್ಟಳು. ಅಪ್ಪ ಮಗಳು ನೀರಿನ ಅಂಚಿನಲ್ಲಿ ಎಸೆದಾಡತೊಡಗಿದರು.

"ಅಳಿಯಂದ್ರೇ, ಹುಷಾರು," ಎಂದಳು ಬಾಯಿಮಾತಿಗೆ.

"ನನಗೆ ಈಜು ಬರುತ್ತೆ ಅತ್ತೆ," ಎಂದ ಅವನು.

ಚೆಂಡು ಬೊಚ್ಚಿಯ ಕೈ ತಪ್ಪಿ ನೀರಿಗೆ ಬಿತ್ತು. ಒಮ್ಮೆ ತಿರುಗಿತು. ಆಮೇಲೆ ಯಾರೋ ದಾರ ಕಟ್ಟಿ ಎಳೆದಂತೆ ಒಳಗೆ ಹೊರಟಿತು. ಬೊಚ್ಚಿ ಅಳಲು ಬಾಯಿ ತೆರೆದಳು. "ಅಳ್ಬೇಡ, ತಂದುಕೊಡ್ತೀನಿ," ಎಂದು ಅಳಿಯ ಅವಳನ್ನು ಮರಳಿನ ಮೇಲೆ ನಿಲ್ಲಿಸಿ ನೀರಿಗೆ ನಡೆದ.

ಕೊಡೆಯಕ್ಕ ಅಭ್ಯಾಸದ ಮೇಲೆ, "ಬಿಡಿ, ಇನ್ನೊಂದಿದೆ," ಎನ್ನಲು ಹೊರಟವಳು ಅರ್ಧಕ್ಕೇ ನಿಂತಳು. ಕೂದಲು ಹಾರಿ ಅವಳ ಕಣ್ಣಿಗೆ ಬೀಳುತ್ತಿತ್ತು. ಸರಿಸಿಕೊಂಡಳು. ಮತ್ತೆ ಬಿತ್ತು. ತಲೆ ಎತ್ತಿ ಕೊಡೆಯ ಜಾಲರಿ ನೋಡಿದಳು. ಜಾಲರಿ ಊರ ಕಡೆಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಳಿ ಬೀಸುತ್ತಿದ್ದದ್ದು ಸಮುದ್ರದಿಂದ ದಡಕ್ಕೆ. ಇವತ್ತಲ್ಲ, ದಿನಾ ಈ ಹೊತ್ತಿಗೆ ಹಾಗೇ ಬೀಸುವುದು. ಅದಕ್ಕೇ ಅವಳು ಕೊಡೆಗಳನ್ನು ಸಮುದ್ರದ ಕಡೆಗೆ ಓರೆ ನೆಡುವುದು. ಚೆಂಡು ಹೋಗುತ್ತಿದ್ದದ್ದು ಗಾಳಿಗೆ ಎದುರಾಗಿ.

ಹಾಗಾದರೆ ಇಷ್ಟು ವರ್ಷ ಚೆಂಡುಗಳನ್ನು ಒಯ್ದದ್ದು ಗಾಳಿಯಲ್ಲ. ನೀರು.

ಅವಳು "ಅಳಿಯಂದ್ರೇ, ಬೇಡ, ವಾಪಸ್ ಬನ್ನಿ," ಎಂದು ಕೂಗುವಷ್ಟರಲ್ಲಿ ಅವನು ಎದೆಮಟ್ಟಕ್ಕೆ ಹೋಗಿಯಾಗಿತ್ತು. ಮರುಕ್ಷಣ ಅವನ ಕಾಲು ನೆಲ ಬಿಟ್ಟಿತು. ಅವನು ತಿರುಗಿ ದಡದ ಕಡೆಗೆ ಈಜತೊಡಗಿದ. ಕೆರೆ ದಾಟಿದ ತೋಳುಗಳು, ಜೋರಾಗಿಯೇ ಬೀಸಿದ. ಬೀಸಿದಷ್ಟೂ ದೂರವಾಗುತ್ತಿದ್ದ.

ಮಗಳು ಕಿರುಚಿ ನೀರಿಗೆ ಓಡಿದಳು. ಕೊಡೆಯಕ್ಕ ಅವಳ ಸೊಂಟ ಹಿಡಿದು ಮರಳಿಗೆ ಕೆಡವಿದಳು. "ನೀನೂ ಹೋದ್ರೆ ಇಬ್ಬರು ಹೋಗ್ತೀರ. ಮಗುನ ಹಿಡ್ಕೋ, ಬಿಡ್ಬೇಡ," ಎಂದಳು. ಅಟ್ಟಣೆಯ ಕಡೆ ತಿರುಗಿದಳು. ನಾದಿನಿ ಅಲ್ಲೇ ಕೂತಿದ್ದಳು, ಇತ್ತ ಕಡೆಗೇ ಮುಖ ಮಾಡಿ. ಆದರೂ ಏಳುತ್ತಿಲ್ಲ. ಯಾಕೆ ಏಳುತ್ತಿಲ್ಲ?

ಆಗ ಹೊಳೆಯಿತು. ಅಟ್ಟಣೆಗೂ ನೀರಿಗೂ ನಡುವೆ ಆ ದೊಡ್ಡ ನೀಲಿ ಕೊಡೆ ನಿಂತಿತ್ತು. ಬಾವುಟ ಮರೆಯಾಗಲೆಂದು ತಾನೇ ನೆಟ್ಟದ್ದು. ಅದು ಬಾವುಟವನ್ನು ಮಾತ್ರ ಮರೆ ಮಾಡಿರಲಿಲ್ಲ.

ಕೊಡೆಯಕ್ಕ ಓಡಿಹೋಗಿ ಕೊಡೆಯ ಕಾಲಿಗೆ ಎರಡೂ ಕೈ ಹಾಕಿದಳು. ಗಟ್ಟಿ ನಿಲ್ಲುವ ಗುಂಡಿ ನೋಡಿ ನೆಟ್ಟಿದ್ದಳಲ್ಲ, ಒಂದು ಸಲಕ್ಕೆ ಬರಲಿಲ್ಲ. ಮರಳಲ್ಲಿ ಮಂಡಿಯೂರಿ ಕಿತ್ತಳು. ಕಿತ್ತ ಕೊಡೆಯನ್ನು ತಲೆಯ ಮೇಲೆ ಎತ್ತಿ ಬೀಸಿದಳು. ಹಿಂದಿದ್ದ ಕೆಂಪು ಬಾವುಟ ಬಯಲಾಯಿತು. ಸೀಟಿ ಕೇಳಿಸಿತು. ನಾದಿನಿ ಅಟ್ಟಣೆಯಿಂದ ಹಾರಿ, ತೇಲುವ ಹಲಗೆ ಹಿಡಿದು ಓಡಿಬರುತ್ತಿದ್ದಳು.

ಆದರೆ ಅಳಿಯನ ತೋಳು ಸೋಲುತ್ತಿತ್ತು. ತಲೆ ಒಮ್ಮೆ ಮುಳುಗಿ ಎದ್ದಿತು. ಕೊಡೆಯಕ್ಕ ಬಾಯಿಯ ಸುತ್ತ ಕೈಗಳನ್ನು ಗೂಡು ಮಾಡಿ, ಹೊಟ್ಟೆಯೊಳಗಿಂದ ದನಿ ತೆಗೆದು ಕೂಗಿದಳು.

"ಈಜಬೇಡಿ. ಮಲಗಿ. ಆಕಾಶ ನೋಡ್ಕೊಂಡು ಮಲಗಿ. ಕೈ ಎತ್ತಿ."

ಎದುರುಗಾಳಿಯಲ್ಲೂ ಆ ದನಿ ಮುಟ್ಟಿತು. ಬೀಚೆಲ್ಲ ತಿರುಗಿ ನೋಡಿತು. ಅಳಿಯ ಒಂದು ಕ್ಷಣ ತಡೆದ. ಆಮೇಲೆ ಬೆನ್ನ ಮೇಲೆ ಮಲಗಿ ಒಂದು ಕೈ ಎತ್ತಿದ. ಸೆಳವು ಅವನನ್ನು ಇನ್ನಷ್ಟು ಒಳಗೆ ಒಯ್ಯಿತು, ಆದರೆ ಮುಳುಗಿಸಲಿಲ್ಲ. ಕೊಡೆಯಕ್ಕ ಆ ಕೈಯನ್ನೇ ನೋಡುತ್ತ ನಿಂತಳು. ತಾನು ಗೇಲಿ ಮಾಡಿದ ಮಾತೇ ಈಗ ಅಳಿಯನನ್ನು ಹಿಡಿದಿತ್ತು.

ನಾದಿನಿ ಹಲಗೆ ಹಿಡಿದು ಅದೇ ಸೆಳವಿನಲ್ಲಿ ತೇಲಿಕೊಂಡು ಅವನ ಬಳಿಗೆ ಹೋದಳು. ಅವನ ಎದೆ ಹಲಗೆಯ ಮೇಲೆ ಏರಿಸಿದಳು. ದಡಕ್ಕೆ ನೇರ ಬರಲಿಲ್ಲ. ಪಕ್ಕಕ್ಕೆ, ಉದ್ದಕ್ಕೆ, ಅಲೆ ಒಡೆಯುವ ಕಡೆಗೆ ಹೋದಳು. ಅಲ್ಲಿಂದ ನೊರೆಯೇ ಇಬ್ಬರನ್ನೂ ತಳ್ಳಿಕೊಂಡು ಬಂದು ಮರಳಿಗೆ ಹಾಕಿತು.

ಅಳಿಯ ಕೆಮ್ಮಿದ, ಉಪ್ಪುನೀರು ಕಾರಿದ, ಎದ್ದು ಕೂತ. ಮಗಳು ಅವನ ಬೆನ್ನಿಗೆ ಹಣೆ ಇಟ್ಟು ಬಿಕ್ಕಿದಳು. ಬೊಚ್ಚಿ ಹತ್ತಿರ ಬಂದು, "ಅಪ್ಪಾ, ಚೆಂಡು ಬೇಡ," ಎಂದಳು. ಆಗ ಅವನೂ ಅತ್ತ.

ಅವನನ್ನು ಡಾಕ್ಟರಿಗೆ ತೋರಿಸಿದ್ದಾಯಿತು. ನೀರು ಕುಡಿದವರನ್ನು ಮೇಲ್ನೋಟಕ್ಕೆ ಸರಿ ಕಂಡರೂ ತೋರಿಸಲೇಬೇಕು ಎಂದು ನಾದಿನಿ ಹಟ ಹಿಡಿದಿದ್ದಳು. ಎಲ್ಲ ಸರಿಯಿದೆ ಎಂದು ತಿಳಿದ ಮೇಲೆ ಸಂಜೆ ಮನೆಯಲ್ಲಿ ಎಲ್ಲರೂ ಒಂದೊಂದು ಮೂಲೆ ಹಿಡಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೇ ಇಲ್ಲ. ನಾದಿನಿ ನೀರು ಕುಡಿಯಲು ಹೋದಾಗ ಕೊಡೆಯಕ್ಕ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

"ಕೊಡೆ ನಾನೇ ಅಡ್ಡ ಇಟ್ಟಿದ್ದು," ಎಂದಳು ತಿರುಗದೆ. "ನಿನ್ನ ಬಾವುಟ ಕಾಣಬಾರದು ಅಂತ. ನನ್ನ ಮಗಳ ಬಾಳನ್ನ ನಾನೇ ಹಾಳು ಮಾಡ್ತಿದ್ದೆ."

ನಾದಿನಿ ಲೋಟ ಕೆಳಗಿಟ್ಟಳು. "ಗೊತ್ತಿತ್ತು ಅತ್ತಿಗೆ."

"ಏನು ಗೊತ್ತಿತ್ತು?"

"ಬೆಳಿಗ್ಗೆನೇ ನೋಡಿದ್ದೆ. ಬಂದು ಕೊಡೆ ತೆಗೀರಿ ಅನ್ಬೇಕಿತ್ತು. ಮಗಳು ಅಳಿಯ ಬಂದಿದಾರೆ, ಅವರ ಮುಂದೆ ಜಗಳ ಯಾಕೆ, ಸಂಜೆ ಹೇಳಿದ್ರಾಯ್ತು ಅಂದ್ಕೊಂಡೆ. ಬೇರೆ ಯಾರಾದ್ರೂ ಇಟ್ಟಿದ್ರೆ ಆ ನಿಮಿಷಕ್ಕೇ ತೆಗೆಸ್ತಿದ್ದೆ. ಮನೆಯವರು ಅಂತ ಬಾಯಿ ಕಟ್ಟಿಹೋಯ್ತು." ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮದು ಗೊತ್ತಿಲ್ದೆ ಮಾಡಿದ್ದು. ನಾನು ಗೊತ್ತಿದ್ದೂ ಸುಮ್ಮನಿದ್ದೆ."

ಕೊಡೆಯಕ್ಕ, ಆಗಷ್ಟೇ ಸ್ನಾನ ಮಾಡಿ ಬಂದಿದ್ದ ಅವಳ ಒದ್ದೆ ಕೂದಲು ಹಿಡಿದು ನೋಡಿ, "ತಲೆ ಒರೆಸ್ಕೊಂಡಿಲ್ಲ ಇನ್ನೂ. ಶೀತ ಆಗುತ್ತೆ," ಎಂದು ಟವೆಲು ತಂದು ತಾನೇ ಒರೆಸತೊಡಗಿದಳು. ಜೋರಾಗಿಯೇ ಒರೆಸಿದಳು. "ಇನ್ನು ಮೇಲೆ ನಾನೇ ಆಗ್ಲಿ, ನಿಮ್ಮಣ್ಣನೇ ಆಗ್ಲಿ, ನೀರಿನ ವಿಷಯದಲ್ಲಿ ಮುಲಾಜು ನೋಡಿದ್ಯೋ, ಆ ಸೀಟಿ ಕಿತ್ತು ಒಲೆಗೆ ಹಾಕ್ತೀನಿ."

"ಪ್ಲಾಸ್ಟಿಕ್ ಸೀಟಿ ಅತ್ತಿಗೆ. ಒಲೆಗೆ ಹಾಕಿದ್ರೆ ಹೊಗೆ ಬರುತ್ತೆ."

ಹೊರಗೆ ಕಿವಿಗೊಟ್ಟು ಕೂತಿದ್ದ ಅಣ್ಣನಿಗೆ ಒಂದು ವಾರದಿಂದ ಹೊತ್ತ ಟಪಾಲು ಚೀಲ ಇಳಿಸಿದಂತಾಯಿತು.

ಮಾರನೆಯ ದಿನ ಅಳಿಯನೇ ಕೊಡೆಗಳನ್ನು ಹೊತ್ತ. ಎಲ್ಲವೂ ಕೆಂಪು ಹಳದಿ ಬಾವುಟಗಳ ನಡುವಿನ ನೇರಕ್ಕೆ ಬಂದವು. ನೆರಳಿನ ಲೆಕ್ಕ ಹೊಸದಾಗಿ ಕಲಿಯಬೇಕಾಯಿತು. ಹೊಸ ಗುಂಡಿಯಲ್ಲಿ ಒಂದು ಕೊಡೆ ನಿಲ್ಲಲೊಲ್ಲದೆ ಗಿರಾಕಿಯ ತಲೆಯ ಮೇಲೇ ಕೂತಿತು. ಕೊಡೆಯಕ್ಕ ಬೈದುಕೊಂಡೇ ಕಲಿತಳು.

ಕಷ್ಟ ಇದ್ದದ್ದು ಬೇರೆ ಕಡೆ. ಬರುವ ಜನ ಈಗಲೂ ಆ ನುಣುಪು ನೀರನ್ನೇ ತೋರಿಸಿ ಕೇಳುತ್ತಿದ್ದರು. "ಅಲ್ಲಿ ಅಲೆನೇ ಇಲ್ವಲ್ಲ, ಇಲ್ಲಿ ಯಾಕೆ ಕೂರಿಸ್ತೀರ?" ಅವಳಿಗೆ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ತನ್ನ ಮಾತೇ ಬೇರೆಯವರ ಬಾಯಲ್ಲಿ ಕೇಳಿದಂತಾಗುತ್ತಿತ್ತು. ತೂಬಿನ ಕಥೆ ಹೇಳಿದಳು. ಕೆಲವರು ಕೇಳಿದರು, ಕೆಲವರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು. ಆಗ ಅವಳು ತನ್ನದೇ ಒಂದು ದಾರಿ ಕಂಡುಕೊಂಡಳು. ರಬ್ಬರ್ ಚೆಂಡೊಂದನ್ನು ಗಟ್ಟಿ ಬಲೆಯಲ್ಲಿ ಹಾಕಿ, ಅದಕ್ಕೆ ಉದ್ದನೆಯ ನೈಲಾನ್ ದಾರ ಕಟ್ಟಿದಳು.

ಮೊನ್ನೆ ಒಬ್ಬ ಮನುಷ್ಯ ಬಂದಿದ್ದ. ಅವನ ಜೊತೆ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಮಕ್ಕಳು ಆಗಲೇ ಚಪ್ಪಲಿ ಕಳಚಿದ್ದರು.

"ನಾವು ವರ್ಷಾವರ್ಷ ಬರ್ತೀವಮ್ಮ. ನೀವೇ ತಾನೇ ಹೋದ ಸಲ ಅಲ್ಲಿ ಕೂರಿಸಿದ್ದು? ಆಗ ಇಲ್ಲದ ಸೆಳವು ಈಗ ಎಲ್ಲಿಂದ ಬಂತು?"

"ಹೌದಪ್ಪ, ನಾನೇ ಕೂರಿಸಿದ್ದು," ಎಂದಳು ಕೊಡೆಯಕ್ಕ. "ಸೆಳವು ಆಗಲೂ ಇತ್ತು. ನನಗೆ ಗೊತ್ತಿರಲಿಲ್ಲ. ಒಂದು ನಿಮಿಷ ನನ್ನ ಜೊತೆ ಬನ್ನಿ."

ಅವನನ್ನು ಕೆಂಪು ಬಾವುಟದ ಹತ್ತಿರ, ಒಣ ಮರಳಿನಲ್ಲೇ ನಿಲ್ಲಿಸಿದಳು. ಚೆಂಡನ್ನು ನುಣುಪು ನೀರಿಗೆ ಎಸೆದಳು. ದಾರದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು. "ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡಿ," ಎಂದಳು. ಗಾಳಿ ಅವನ ಮುಖಕ್ಕೇ ಬೀಸುತ್ತಿತ್ತು. ಚೆಂಡು ಒಮ್ಮೆ ತಿರುಗಿ ಗಾಳಿಗೆ ಎದುರಾಗಿ ಹೊರಟಿತು. ದಾರ ಅವನ ಬೆರಳುಗಳ ನಡುವೆ ಸರಸರ ಜಾರಿತು. ಬಿಗಿ ಹಿಡಿದ. ಹಿಡಿದ ಮೇಲೂ ಜಗ್ಗುತ್ತಲೇ ಇತ್ತು, ನಿಲ್ಲಿಸದೆ, ಸದ್ದಿಲ್ಲದೆ. ದಾರ ನೋಡಿದ, ತನ್ನ ಇಬ್ಬರು ಮಕ್ಕಳನ್ನು ನೋಡಿದ. ಆಮೇಲೆ ಮಕ್ಕಳ ಚಪ್ಪಲಿ ತಾನೇ ಎತ್ತಿಕೊಂಡು, "ಬನ್ರೋ, ಆ ಬಾವುಟದ ಕಡೆ ಹೋಗೋಣ," ಎಂದ.

ಕೊಡೆಯಕ್ಕ ಚೆಂಡನ್ನು ಎಳೆದುಕೊಂಡು ದಾರ ಸುತ್ತಿದಳು. ಎಳೆಯುವಾಗ ಅವಳ ಕೈಗೂ ಆ ಜಗ್ಗು ಹತ್ತುತ್ತದೆ. ಪ್ರತಿ ಸಲವೂ ಅಳಿಯ ಎತ್ತಿದ ಆ ಒಂಟಿ ಕೈ ಕಣ್ಣ ಮುಂದೆ ಬರುತ್ತದೆ. ಅವಳ ಬೀಚಿನಲ್ಲಿ ಈಗ ಚೆಂಡಿನ ವ್ಯಾಪಾರ ಕಡಿಮೆ, ಯಾಕೆಂದರೆ ಅಲೆ ಒಡೆಯುವ ಕಡೆ ಬಿದ್ದ ಚೆಂಡು ವಾಪಸ್ ಬರುತ್ತದೆ.

ಅಪ್ಪಂದಿರೇ, ಅಮ್ಮಂದಿರೇ, ರಜೆಗೆ ಸಮುದ್ರ ನೋಡಲು ಹೊರಟ ಎಲ್ಲರೇ, ಎಲ್ಲರ ಕೈಗೂ ದಾರ ಕೊಡಲು ಕೊಡೆಯಕ್ಕ ಎಲ್ಲಾ ಬೀಚಿನಲ್ಲೂ ಇರುವುದಿಲ್ಲ. ಅದಕ್ಕೇ ಈ ಕಥೆ. ನೀರಿಗೆ ಇಳಿಯುವ ಮೊದಲು ಬಾವುಟ ಎಲ್ಲಿದೆ ನೋಡಿ, ಜೀವರಕ್ಷಕರನ್ನು ಕೇಳಿ. ಎಷ್ಟೋ ಕಡೆ ಸೆಳವು ಜಾಗ ಬದಲಿಸುತ್ತದೆ, ಆದ್ದರಿಂದ ಹೋದ ಸಲ ಇಳಿದಿದ್ದೆವು ಎಂಬ ಧೈರ್ಯ ಬೇಡ. ಎರಡು ಕಡೆ ಅಲೆ ಒಡೆಯುತ್ತ ನಡುವೆ ನೀರು ನುಣ್ಣಗೆ ಮಲಗಿದ್ದರೆ ಆ ಜಾಗವನ್ನು ನಂಬಬೇಡಿ. ಯಾವಾಗಲಾದರೂ ಸಿಕ್ಕಿಕೊಂಡರೆ ಗುದ್ದಾಡದೆ ಮಲಗಿ ತೇಲಿ, ಕೈ ಎತ್ತಿ, ಶಕ್ತಿಯಿದ್ದರೆ ಪಕ್ಕಕ್ಕೆ ಈಜಿ. ನಿಮ್ಮವರು ಸಿಕ್ಕಿಕೊಂಡರೆ ಹಿಂದೆ ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ. ಇನ್ನು, ತಪ್ಪು ಜಾಗದಲ್ಲಿ ಇಳಿಯುತ್ತಿರುವವರು ನಿಮ್ಮ ಅತ್ತಿಗೆಯೇ ಆಗಿರಲಿ, ಮಾವನೇ ಆಗಿರಲಿ, ಗುರುತೇ ಇಲ್ಲದವರಾಗಿರಲಿ, ಅವರೇನು ಅಂದುಕೊಂಡಾರು ಎಂದು ಸುಮ್ಮನಿರಬೇಡಿ. ಆಗಲೇ ಹೇಳಿ. ಸಂಜೆಯವರೆಗೆ ಕಾಯಬೇಡಿ.